ಓವರ್‌ಹಾಲ್ ಆದ ಇಂಜೆಕ್ಷನ್ ಸ್ನೋಮೊಬೈಲ್ ಎಂಜಿನ್: ಥ್ರಾಟಲ್ ತೊಂದರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ನೋಮೊಬೈಲ್ ಎಂದರೆ ಟ್ರ್ಯಾಕ್ ಎಂಬ ರಬ್ಬರ್ ಪಟ್ಟಿಯ ಮೇಲೆ ಹಿಮದಲ್ಲಿ ಓಡುವ ಗಾಡಿ. ಇಲ್ಲಿರುವ ಉತ್ತರಗಳು ಮುಖ್ಯವಾಗಿ ಎರಡು ಸಿಲಿಂಡರಿನ, ಕೂಲಂಟ್‌ನಿಂದ ತಂಪಾಗುವ ಟೂ-ಸ್ಟ್ರೋಕ್ ಇಂಜೆಕ್ಷನ್ ಎಂಜಿನ್‌ಗಳಿಗೆ. ಕೇಬಲ್, ಥ್ರಾಟಲ್ ಎಷ್ಟು ತೆರೆದಿದೆ ಎಂದು ಹೇಳುವ ಥ್ರಾಟಲ್ ಪೊಸಿಷನ್ ಸೆನ್ಸರ್ (ಟಿಪಿಎಸ್), ಪೆಟ್ರೋಲ್ ಒತ್ತಡದ ಭಾಗಗಳು ಫೋರ್-ಸ್ಟ್ರೋಕ್‌ಗೂ ಅನ್ವಯಿಸುತ್ತವೆ. ಅಂಕಿಗಳು ಬಹುಪಾಲು ಎಂಜಿನ್‌ಗಳಿಗೆ ಹೊಂದುವಂಥವು. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದರ ಮಾತೇ ಕೊನೆ.

ಬಿಚ್ಚುವ ಮೊದಲು ರೇಸ್ ಸರಿಯಾಗಿತ್ತು. ಕಟ್ಟಿದ ಮೇಲೆ ಉಸಿರುಗಟ್ಟಿದಂತೆ ಆಡುತ್ತಿದೆ. ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಕೈ ಎಲ್ಲೆಲ್ಲಿ ಹೋಗಿತ್ತೋ ಅಲ್ಲಿಂದ. ಓವರ್‌ಹಾಲ್ ಆದ ಎಂಜಿನ್‌ನಲ್ಲಿ ಹೊಸ ತೊಂದರೆ ಹುಟ್ಟುವುದು ಬಹುಮಟ್ಟಿಗೆ ಬಿಚ್ಚಿ ಜೋಡಿಸಿದ ಜಾಗದಲ್ಲೇ. ಕೂರದ ರಬ್ಬರ್ ಬೂಟ್ (ಥ್ರಾಟಲ್ ಬಾಡಿಯನ್ನು ಎಂಜಿನ್‌ಗೆ ಸೇರಿಸುವ ಕೊಳವೆ), ಅದಲುಬದಲಾದ ಕನೆಕ್ಟರ್, ಅರ್ಧ ಸಿಕ್ಕಿಸಿದ ಹೋಸ್, ಸರಿದ ಸೆನ್ಸರ್, ಮರೆತ ಅರ್ತ್ ವೈರ್ ಇವೇ ಸಾಮಾನ್ಯ ಅಪರಾಧಿಗಳು. ಎಲ್ಲ ಬಿಟ್ಟು ಇಸಿಯು (ಪೆಟ್ರೋಲ್, ಸ್ಪಾರ್ಕ್ ನಿಯಂತ್ರಿಸುವ ಕಂಪ್ಯೂಟರ್) ಮೇಲೆ ಅನುಮಾನ ಪಡುವುದು ಸಮಯ ಮತ್ತು ದುಡ್ಡು ಎರಡಕ್ಕೂ ದಂಡ.

ಕ್ರಮ ಹೀಗಿರಲಿ: ಮೊದಲು ಕೇಬಲ್ ಮತ್ತು ಬಟರ್‌ಫ್ಲೈ (ಥ್ರಾಟಲ್ ಬಾಡಿಯಲ್ಲಿ ಗಾಳಿ ಬಿಡುವ ತಿರುಗು ತಟ್ಟೆ), ಆಮೇಲೆ ಕಳ್ಳಗಾಳಿ (ಸಂದಿಯಿಂದ ನುಗ್ಗುವ ಗಾಳಿ), ಆಮೇಲೆ ಪೆಟ್ರೋಲ್ ಒತ್ತಡ, ಕೊನೆಗೆ ವೈರಿಂಗ್ ಮತ್ತು ಸೆನ್ಸರ್. ಬಟರ್‌ಫ್ಲೈ ಎಲ್ಲಿ ಪೂರ್ತಿ ಮುಚ್ಚುತ್ತದೆ ಎಂಬುದೇ ತಿಳಿಯದಿದ್ದರೆ ಸೆನ್ಸರ್ ವೋಲ್ಟೇಜ್ ಹೊಂದಿಸಿ ಏನೂ ಪ್ರಯೋಜನವಿಲ್ಲ. ಕಳ್ಳಗಾಳಿ ಇದ್ದರೆ ಪೆಟ್ರೋಲ್ ಹೊಂದಿಸಿದ್ದೂ ವ್ಯರ್ಥ. ಇಸಿಯು ಫಾಲ್ಟ್ ಕೋಡ್ ಇದ್ದರೆ ಮೊದಲೇ ಓದಿ ಬರೆದಿಟ್ಟುಕೊಳ್ಳಿ, ಆದರೆ ಕೋಡ್ ಇಲ್ಲ ಎಂದಾಕ್ಷಣ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಸೀಳಿದ ಬೂಟಿಗೆ, ತಪ್ಪು ಬಿಗಿದ ಕೇಬಲ್‌ಗೆ ಕೋಡ್ ಬರುವುದಿಲ್ಲ.

ಟೆಸ್ಟ್ ಮಾಡುವ ಮೊದಲು ಏನು ಎಚ್ಚರಿಕೆ?

ಹಿಂಭಾಗವನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಎತ್ತಿ, ಟ್ರ್ಯಾಕ್ ನೆಲಕ್ಕೆ ತಾಗದಂತೆ ಇಡಿ. ಟ್ರ್ಯಾಕ್ ಹಿಂದೆ ಯಾರೂ ನಿಲ್ಲಬಾರದು. ಟ್ರ್ಯಾಕ್‌ನಿಂದ ಕಿತ್ತುಬಂದ ಸ್ಟಡ್ (ಮೊಳೆ) ಅಥವಾ ಕಲ್ಲು ನೇರ ಹಿಂದಕ್ಕೇ ಹಾರುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗಲೇ ಕಿಲ್ ಸ್ವಿಚ್ ಮತ್ತು ಟೆದರ್ (ಸವಾರನಿಗೆ ಕಟ್ಟಿದ, ಎಳೆದರೆ ಎಂಜಿನ್ ನಿಲ್ಲಿಸುವ ದಾರ) ಎರಡನ್ನೂ ಒಂದೊಂದು ಸಲ ಪರೀಕ್ಷಿಸಿ. ಎರಡೂ ಎಂಜಿನ್ ನಿಲ್ಲಿಸುವುದನ್ನು ಕಣ್ಣಾರೆ ನೋಡದೆ ರೇಸ್ ಕೊಡಲೇಬೇಡಿ. ಬೆಲ್ಟ್ ಕಳಚಿಟ್ಟು ರೇಸ್ ಕೊಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ: ಭಾರವಿಲ್ಲದೆ ಎಂಜಿನ್ ಮಿತಿ ಮೀರಿ ತಿರುಗುತ್ತದೆ, ಎಂಜಿನ್ ಕಡೆಯ (ಪ್ರೈಮರಿ) ಕ್ಲಚ್ ಹಾಳಾಗುತ್ತದೆ. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ. ಪೆಟ್ರೋಲ್ ಲೈನ್ ಕಳಚುವ ಮೊದಲು ಒತ್ತಡ ಇಳಿಸಿ, ಲೈನ್ ಸೇರುವ ಜಾಗಕ್ಕೆ ಬಟ್ಟೆ ಸುತ್ತಿ.

ಸ್ಟಾರ್ಟ್ ಆಗುತ್ತದೆ, ಐಡಲ್ ಇದೆ. ಹ್ಯಾಂಡಲ್‌ನ ಥ್ರಾಟಲ್ ಲಿವರ್ ಒತ್ತಿದರೆ ಮಿಸ್ ಹೊಡೆದು ಒಂದು ಮಿತಿಗಿಂತ ಮೇಲೇರುವುದೇ ಇಲ್ಲ.

ಮೊದಲು ಥ್ರಾಟಲ್ ಸೇಫ್ಟಿ ಸ್ವಿಚ್ ನೋಡಿ. ಹಲವು ಸ್ನೋಮೊಬೈಲ್‌ಗಳ ಹ್ಯಾಂಡಲ್‌ನ ಥ್ರಾಟಲ್ ಬ್ಲಾಕ್ ಒಳಗೆ ಇದಿರುತ್ತದೆ. ಹೆಬ್ಬೆರಳು ತೆಗೆದ ಮೇಲೂ ಬಟರ್‌ಫ್ಲೈ ಮುಚ್ಚಿಕೊಳ್ಳದಿದ್ದರೆ ಕೇಬಲ್ ಸಡಿಲಾಗುತ್ತದೆ. ಆ ಸಡಿಲವನ್ನು ಗುರುತಿಸಿ ಎಂಜಿನ್ ತಡೆಯುವುದು ಇದರ ಕೆಲಸ. ಓವರ್‌ಹಾಲ್ ನಂತರ ಕೇಬಲ್ ಹೆಚ್ಚು ಸಡಿಲ ಬಿಟ್ಟರೆ ಸ್ವಿಚ್‌ಗೆ ಬಟರ್‌ಫ್ಲೈ ಸಿಕ್ಕಿಕೊಂಡಂತೆಯೇ ಕಾಣುತ್ತದೆ.

ಲಿವರ್ ಮತ್ತು ಬ್ಲಾಕ್ ನಡುವಿನ ಆಟ ಅಳೆಯಿರಿ. ಸಾಮಾನ್ಯವಾಗಿ 1ರಿಂದ 3 ಮಿ.ಮೀ. ಒಳಗಿರಬೇಕು. ಆಟವೇ ಇಲ್ಲದಿದ್ದರೆ ಬಟರ್‌ಫ್ಲೈ ಪೂರ್ತಿ ಮುಚ್ಚದು, ಹ್ಯಾಂಡಲ್ ತಿರುಗಿಸಿದಾಗ ಐಡಲ್ ಏರುತ್ತದೆ. ಹೆಚ್ಚಿದ್ದರೆ ಸ್ವಿಚ್ ಅಡ್ಡ ಬರುತ್ತದೆ. ಥ್ರಾಟಲ್ ಬಾಡಿ ಕಡೆಯ ಹೊರಕವಚ ಅದರ ಗುಳಿಯಲ್ಲಿ ಪೂರ್ತಿ ಕೂತಿದೆಯೇ ಎಂದೂ ನೋಡಿ. ಅಂಚಿನ ಮೇಲೆ ನಿಂತಿದ್ದರೆ ಇಂದು ಸರಿ ಕಂಡ ಆಟ ನಾಳೆ ಬದಲಾಗುತ್ತದೆ.

ಸ್ವಿಚ್ ಸರಿಯೋ ಎಂದು ತಿಳಿಯಲು ಮಲ್ಟಿಮೀಟರ್ ಕಂಟಿನ್ಯುಯಿಟಿಗೆ ಇಟ್ಟು, ಲಿವರ್ ಬಿಟ್ಟಾಗ, ಒತ್ತಿದಾಗ, ಕೇಬಲ್ ಕೈಯಿಂದ ಸಡಿಲಿಸಿದಾಗ ಏನಾಗುತ್ತದೆ ನೋಡಿ ಮ್ಯಾನ್ಯುಯಲ್ ಜೊತೆ ಹೋಲಿಸಿ. ಇದನ್ನು ಬೈಪಾಸ್ ಮಾಡಿ ಹಿಮದ ಮೇಲೆ ಹೋಗುವುದು ಪ್ರಾಣದ ಜೊತೆ ಆಟ.

ಟಿಪಿಎಸ್ ಹೊಂದಿಸುವುದು ಹೇಗೆ? ಎಲ್ಲರೂ ಬೇರೆ ಬೇರೆ ಅಂಕಿ ಹೇಳುತ್ತಾರೆ.

ಅಂಕಿ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ವಿಧಾನ ಮಾತ್ರ ಒಂದೇ. ಥ್ರಾಟಲ್ ಪೊಸಿಷನ್ ಸೆನ್ಸರ್‌ಗೆ ಮೂರು ವೈರ್: ಇಸಿಯು ಕೊಡುವ 5 ವೋಲ್ಟ್, ಅರ್ತ್, ಸಿಗ್ನಲ್. ಬಟರ್‌ಫ್ಲೈ ಮುಚ್ಚಿದಾಗ ಸಿಗ್ನಲ್ ಸಾಮಾನ್ಯವಾಗಿ ಒಂದು ವೋಲ್ಟ್‌ಗಿಂತ ಕೆಳಗೆ, ಪೂರ್ತಿ ತೆರೆದಾಗ 4 ವೋಲ್ಟ್ ಆಸುಪಾಸು. ಮುಚ್ಚಿದ ಸ್ಥಿತಿಯ ನಿಖರ ಅಂಕಿಗೆ ಮ್ಯಾನ್ಯುಯಲ್ ಬೇಕೇ ಬೇಕು.

ಕೇಬಲ್ ಅಡ್ಜಸ್ಟರ್ ಪೂರ್ತಿ ಸಡಿಲಿಸಿ, ಬಟರ್‌ಫ್ಲೈ ಕೇಬಲ್‌ನ ಹಂಗಿಲ್ಲದೆ ತನ್ನ ಸ್ಟಾಪ್ ಮೇಲೆ ಕೂರಲಿ. ಎರಡು ಬಟರ್‌ಫ್ಲೈ ಇದ್ದರೆ ಎರಡೂ ಒಟ್ಟಿಗೆ ಏಳುತ್ತವೆಯೇ ಎಂದು ನೋಡಿ ಲಿಂಕ್ ಸ್ಕ್ರೂ ಮೊದಲೇ ಸರಿಪಡಿಸಿ. ಕಾರ್ಖಾನೆಯಲ್ಲಿ ಬಣ್ಣ ಹಚ್ಚಿ ಸೀಲ್ ಮಾಡಿದ ಸ್ಟಾಪ್ ಸ್ಕ್ರೂಗೆ ಕೈ ಹಾಕಬೇಡಿ. ಅದು ಐಡಲ್ ಸ್ಕ್ರೂ ಅಲ್ಲ, ಇಡೀ ಲೆಕ್ಕದ ಸೊನ್ನೆ. ಬ್ಯಾಟರಿ ಇಲ್ಲದ ಮಾಡೆಲ್‌ಗಳಲ್ಲಿ ಎಂಜಿನ್ ಓಡದೆ ಸೆನ್ಸರ್‌ಗೆ ವಿದ್ಯುತ್ ಇರುವುದಿಲ್ಲ, ಅದಕ್ಕೆ ತಯಾರಕರ ಟೆಸ್ಟ್ ಹಾರ್ನೆಸ್ ಅಥವಾ ಮ್ಯಾನ್ಯುಯಲ್ ಹೇಳುವ ಹೊರಗಿನ ಸಪ್ಲೈ ಬಳಸಿ.

ಮೊದಲು 5 ವೋಲ್ಟ್ ನಿಜವಾಗಿ 5 ವೋಲ್ಟ್ ಇದೆಯೇ ಎಂದು ಅಳೆಯಿರಿ. ಅದೇ 4.6 ಇದ್ದರೆ ಸೆನ್ಸರ್ ಎಷ್ಟು ತಿರುಗಿಸಿದರೂ ಲೆಕ್ಕ ಕೂಡದು. ನಂತರ ಕನೆಕ್ಟರ್ ಹಿಂಬದಿಯಿಂದ ಸಿಗ್ನಲ್ ವೈರಿಗೆ ಸಣ್ಣ ಪಿನ್ ತೂರಿಸಿ ಮೀಟರ್ ಹಿಡಿಯಿರಿ. ವೈರಿನ ಇನ್ಸುಲೇಶನ್ ಚುಚ್ಚಬೇಡಿ, ಆ ತೂತಿನಿಂದ ನೀರು ಹೋಗಿ ತಾಮ್ರ ತುಕ್ಕು ಹಿಡಿಯುತ್ತದೆ. ಸ್ಕ್ರೂ ಸಡಿಲಿಸಿ ಸೆನ್ಸರ್ ತಿರುಗಿಸಿ ಅಂಕಿಗೆ ತನ್ನಿ, ಬಿಗಿಯಿರಿ, ಬಿಗಿದ ಮೇಲೆ ಮತ್ತೆ ಓದಿ. ಸ್ಕ್ರೂ ಬಿಗಿಯುವಾಗ ಸೆನ್ಸರ್ ಒಂದು ಕೂದಲೆಳೆ ಸರಿದು 0.02, 0.03 ವೋಲ್ಟ್ ತಪ್ಪುವುದು ಮಾಮೂಲು. ಬಿಗಿಯುವ ಮೊದಲಿನ ಅಂಕಿಗೆ ಬೆಲೆ ಇಲ್ಲ.

ಈಗ ಬಟರ್‌ಫ್ಲೈಯನ್ನು 15-20 ಸೆಕೆಂಡು ತೆಗೆದುಕೊಂಡು ನಿಧಾನವಾಗಿ ತೆರೆಯಿರಿ. ಮೀಟರ್ 0.71, 0.78, 0.90, 1.04, 1.12 ಎಂದು ಮೆಟ್ಟಿಲು ಹತ್ತಿದಂತೆ ಏರಬೇಕು. 1.12 ಆದ ಮೇಲೆ ಥಟ್ಟನೆ 0.40 ತೋರಿಸಿ ಮತ್ತೆ 1.19ಕ್ಕೆ ಬಂದರೆ ಸೆನ್ಸರ್ ಒಳಗಿನ ರೆಸಿಸ್ಟೆನ್ಸ್ ಪಟ್ಟಿ ಅಲ್ಲಿ ಸವೆದಿದೆ. ಹೆಚ್ಚಾಗಿ ಸವೆಯುವುದು ಸವಾರ ದಿನವಿಡೀ ಲಿವರ್ ಹಿಡಿದಿರುವ ಕಾಲು ಥ್ರಾಟಲ್ ಜಾಗದಲ್ಲೇ. ಆ ಒಂದು ಬಿಂದುವಿನಲ್ಲಿ ಮಾತ್ರ ಮುಗ್ಗರಿಸುವ ಎಂಜಿನ್‌ಗೆ ಸೆನ್ಸರ್ ಬದಲಿಸುವುದೊಂದೇ ದಾರಿ. ಅಂಕಿ ವೇಗವಾಗಿ ಬದಲಾಗುವಾಗ ಡಿಜಿಟಲ್ ಮೀಟರ್ ಇಂಥ ಕುಸಿತವನ್ನು ತಪ್ಪಿಸಿಕೊಳ್ಳುತ್ತದೆ. ಮುಳ್ಳಿನ ಮೀಟರ್ ಇದ್ದರೆ ಮುಳ್ಳು ಜಿಗಿಯುವುದು ಸ್ಪಷ್ಟ ಕಾಣುತ್ತದೆ.

ಕೊನೆಗೆ ಕೇಬಲ್ ಮತ್ತೆ ಹೊಂದಿಸಿ, ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ವೋಲ್ಟೇಜ್ ಅಲುಗಬಾರದು. ಕೆಲವು ಮಾಡೆಲ್‌ಗಳಲ್ಲಿ ಸೆನ್ಸರ್ ತಿರುಗಿಸುವಂತೆಯೇ ಇಲ್ಲ, ತಯಾರಕರ ಡಯಗ್ನೋಸ್ಟಿಕ್ ಸಾಫ್ಟ್‌ವೇರ್‌ನಿಂದ ಮುಚ್ಚಿದ ಸ್ಥಿತಿಯನ್ನು ಇಸಿಯುಗೆ ಕಲಿಸಬೇಕು. ಥ್ರಾಟಲ್ ಬಾಡಿ ಅಥವಾ ಇಸಿಯು ಬದಲಿಸಿದ್ದರೆ ಈ ಹೆಜ್ಜೆ ಬಿಡಲಾಗದು.

ಸೆಲ್ಫ್ ಹೊಡೆದರೂ ಪೆಟ್ರೋಲೇ ಬರುತ್ತಿಲ್ಲ ಎಂಬಂತೆ ಸ್ಟಾರ್ಟ್ ಆಗುವುದಿಲ್ಲ. ಪಂಪ್ ಓಡುವ ಸದ್ದಿದೆ. ಇದಕ್ಕೂ ಥ್ರಾಟಲ್‌ಗೂ ಸಂಬಂಧವಿದೆಯೇ?

ಇರಬಹುದು. ಪೆಟ್ರೋಲ್ ತುಂಬಿ ಒದ್ದೆಯಾದ ಎಂಜಿನ್ ಒಣಗಿಸಲು ಹಲವು ಇಸಿಯುಗಳಲ್ಲಿ ಒಂದು ವ್ಯವಸ್ಥೆ ಇದೆ: ಪೂರ್ತಿ ಥ್ರಾಟಲ್ ಹಿಡಿದು ಕ್ರ್ಯಾಂಕ್ ಮಾಡಿದರೆ ಇಂಜೆಕ್ಟರ್ ಮುಚ್ಚಿರುತ್ತದೆ. ಟಿಪಿಎಸ್ ಸಿಗ್ನಲ್ ತಪ್ಪಾಗಿ ಮೇಲೆ ನಿಂತಿದ್ದರೆ ಇಸಿಯು ನೀವು ಪೂರ್ತಿ ಥ್ರಾಟಲ್ ಹಿಡಿದಿದ್ದೀರಿ ಎಂದೇ ತಿಳಿದು ಪೆಟ್ರೋಲ್ ತಡೆಯುತ್ತದೆ. ಪ್ಲಗ್ ತೆಗೆದಾಗ ಒಣಗಿಯೇ ಇದ್ದು, ಸ್ಪಾರ್ಕ್ ಚೆನ್ನಾಗಿದ್ದರೆ ಸಿಗ್ನಲ್ ವೋಲ್ಟೇಜ್ ಅಳೆಯಿರಿ.

ಲಿವರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ, ಸ್ವಲ್ಪ ಹೊತ್ತು ಮೇಲೆ ನಿಂತು ಆಮೇಲೆ ಇಳಿಯುತ್ತದೆ. ಕೇಬಲ್ ಸರಿಯಿದೆ.

ಎಂಜಿನ್ ಆಫ್ ಮಾಡಿ, ಇದಕ್ಕೆ ಉತ್ತರ ಸಿಗುವವರೆಗೆ ಓಡಿಸಬೇಡಿ. ಇದು ಕಳ್ಳಗಾಳಿಯ ಗುರುತು. ಬಟರ್‌ಫ್ಲೈ ದಾಟದೆ ಬೇರೆ ಸಂದಿಯಿಂದ ನುಗ್ಗುವ ಗಾಳಿಯ ಲೆಕ್ಕ ಇಸಿಯುಗೆ ಇರುವುದಿಲ್ಲ, ಅದಕ್ಕೆ ತಕ್ಕ ಪೆಟ್ರೋಲ್ ಬೀಳುವುದಿಲ್ಲ. ಮಿಶ್ರಣ ಲೀನ್ ಆಗಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಪಿಸ್ಟನ್ ತಲೆ ಕಾಯುತ್ತದೆ, ಎಕ್ಸಾಸ್ಟ್ ಕಡೆ ಕರಗುತ್ತದೆ. ಈಗಷ್ಟೇ ಹಾಕಿದ ಹೊಸ ಪಿಸ್ಟನ್ ಒಂದೇ ಪೂರ್ತಿ ಥ್ರಾಟಲ್ ಓಟದಲ್ಲಿ ಹೋಗಬಹುದು.

ಸರಿಯಾದ ಪರೀಕ್ಷೆ ಪ್ರೆಷರ್ ಟೆಸ್ಟ್. ಎಕ್ಸಾಸ್ಟ್ ಪೋರ್ಟ್‌ಗಳಿಗೆ ರಬ್ಬರ್ ಇಟ್ಟ ಪ್ಲೇಟ್ ಬಿಗಿಯಿರಿ. ಥ್ರಾಟಲ್ ಬಾಡಿ ತೆಗೆದು ರಬ್ಬರ್ ಬೂಟ್‌ಗಳ ಬಾಯಿಗೆ ಬಿರಡೆ ಹಾಕಿ ಕ್ಲ್ಯಾಂಪ್ ಮಾಡಿ. ಬೂಟ್‌ಗಳನ್ನು ಕಳಚಬೇಡಿ, ಅವೂ ಪರೀಕ್ಷೆಗೆ ಒಳಪಡಬೇಕು. ಕ್ರ್ಯಾಂಕ್‌ಕೇಸ್‌ನಿಂದ ಹೊರಡುವ ಪಲ್ಸ್ ಹೋಸ್, ಆಯಿಲ್ ಲೈನ್‌ಗಳನ್ನು ಮುಚ್ಚಿ. ಸ್ಪಾರ್ಕ್ ಪ್ಲಗ್ ಜಾಗದಲ್ಲೇ ಇರಲಿ. ಕೈಪಂಪ್ ಮತ್ತು ಗೇಜ್‌ನಿಂದ 6 ಪಿಎಸ್‌ಐ, ಅಂದರೆ ಸುಮಾರು 0.4 ಬಾರ್ ತುಂಬಿ. ಅದಕ್ಕಿಂತ ಬಹಳ ಹೆಚ್ಚಿಸಿದರೆ ಸೀಲ್ ಜಾಗ ಬಿಟ್ಟು ಹೊರಬರಬಹುದು, ಆದ್ದರಿಂದ ಕಂಪ್ರೆಸರ್ ಪೈಪ್ ನೇರ ಕೊಡಬೇಡಿ. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋರಿಕೆ ಹುಡುಕಲೇಬೇಕು. ಚೆನ್ನಾಗಿ ಕಟ್ಟಿದ ಎಂಜಿನ್ ಹಲವು ನಿಮಿಷ ಮುಳ್ಳು ಕದಲಿಸದೆ ಹಿಡಿದಿರುತ್ತದೆ.

ಸೋಪಿನ ನೀರನ್ನು ಬ್ರಷ್‌ನಲ್ಲಿ ಹಚ್ಚುತ್ತಾ ಹೋಗಿ: ಬೂಟ್ ಅಂಚು, ರೀಡ್ ಕೇಜ್ (ಗಾಳಿ ಒಳಗೆ ಬಿಡುವ ತೆಳು ಪಟ್ಟಿಗಳ, ಅಂದರೆ ರೀಡ್‌ಗಳ ಚೌಕಟ್ಟು) ಪ್ಯಾಕಿಂಗ್, ಸಿಲಿಂಡರ್ ಬುಡ, ಕ್ರ್ಯಾಂಕ್‌ಕೇಸ್ ಎರಡು ಹೋಳು ಸೇರುವ ಗೆರೆ, ಎರಡೂ ತುದಿಯ ಕ್ರ್ಯಾಂಕ್ ಸೀಲ್. ಬೂಟ್‌ನ ಬಿರುಕಿನಲ್ಲಿ ಗುಳ್ಳೆ ಪಟಪಟನೆ ಏಳುತ್ತದೆ. ಸೀಲ್ ತುಟಿಯಲ್ಲಿ ಹಾಗಲ್ಲ. ಮೊದಲು ಏನೂ ಕಾಣುವುದಿಲ್ಲ, ಅರ್ಧ ನಿಮಿಷಕ್ಕೆ ಹಾಲಿನ ನೊರೆಯಂಥ ಬಿಳಿ ಗೆರೆ ಶಾಫ್ಟ್ ಸುತ್ತ ಮೆಲ್ಲಗೆ ಮೂಡುತ್ತದೆ. ಅವಸರಪಟ್ಟರೆ ಕಣ್ಣು ತಪ್ಪುತ್ತದೆ. ಮ್ಯಾಗ್ನೆಟೊ ಕಡೆಯ (ಫ್ಲೈವೀಲ್ ಇರುವ ತುದಿಯ) ಸೀಲ್ ನೋಡಲು ಫ್ಲೈವೀಲ್ ತೆಗೆಯಬೇಕು. ತಲೆನೋವಿನ ಕೆಲಸ ಎಂದು ಬಿಡಬೇಡಿ. ಎಂಜಿನ್ ಓಡುವಾಗ ಹೊರಗಿನಿಂದ ಸ್ಪ್ರೇ ಹೊಡೆದು ಹುಡುಕುವವರಿಗೆ ಈ ಸೀಲ್ ಎಂದೂ ಸಿಗುವುದಿಲ್ಲ, ಬಿಸಿ ಎಕ್ಸಾಸ್ಟ್ ಪಕ್ಕ ಆ ಸ್ಪ್ರೇ ಬೆಂಕಿಗೂ ದಾರಿ.

ಒಂದು ಮಾತು: ಕ್ರ್ಯಾಂಕ್‌ನ ನಡುವೆ ಲ್ಯಾಬಿರಿಂತ್ ಸೀಲ್ (ಶಾಫ್ಟ್‌ಗೆ ತಾಗದೆ ಕಿರಿದಾದ ಸಂದಿಗಳಿಂದ ತಡೆಯುವ ಸೀಲ್) ಇರುವ ಎಂಜಿನ್‌ಗಳಲ್ಲಿ ಒಂದು ಸಿಲಿಂಡರಿನ ಗಾಳಿ ಇನ್ನೊಂದಕ್ಕೆ ನುಸುಳುವುದು ಸಹಜ. ಅಂಥವನ್ನು ಎರಡೂ ಬದಿ ಮುಚ್ಚಿ ಒಟ್ಟಿಗೆ ಪರೀಕ್ಷಿಸಿ.

ಲೀನ್ ಆಗಿದೆ ಎಂದಾದರೆ ಟ್ಯೂನರ್ ಬಾಕ್ಸ್ (ಇಸಿಯು ಕೊಡುವ ಪೆಟ್ರೋಲ್ ಲೆಕ್ಕ ತಿದ್ದುವ ಪೆಟ್ಟಿಗೆ) ಹಾಕಿ ಪೆಟ್ರೋಲ್ ಹೆಚ್ಚಿಸಿದರೆ ಸಾಲದೇ?

ಸಾಲದು. ಸಂದಿಯಿಂದ ನುಗ್ಗುವ ಗಾಳಿ ಐಡಲ್‌ನಲ್ಲಿ ಒಂದು ಪ್ರಮಾಣ, ಪೂರ್ತಿ ಥ್ರಾಟಲ್‌ನಲ್ಲಿ ಇನ್ನೊಂದು, ಸೀಲ್ ಬಿಸಿಯಾದಾಗ ಮತ್ತೊಂದು. ಒಂದು ಕಡೆ ಸರಿಹೊಂದಿಸಿದ ಪೆಟ್ರೋಲ್ ಇನ್ನೊಂದು ಕಡೆ ತಪ್ಪುತ್ತದೆ, ಸೋರಿಕೆಯಂತೂ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಬೋರ್ ದೊಡ್ಡದು ಮಾಡಿಸಿದ್ದರೆ, ಪೋರ್ಟ್ ಕೆಲಸ ಆಗಿದ್ದರೆ, ಹೆಡ್ ಅಥವಾ ಪೈಪ್ ಬದಲಾಗಿದ್ದರೆ ಹೊಸ ಮ್ಯಾಪ್ (ಇಸಿಯುವಿನ ಪೆಟ್ರೋಲ್ ಲೆಕ್ಕದ ಪಟ್ಟಿ) ನಿಜಕ್ಕೂ ಬೇಕು. ಅದು ಪ್ರೆಷರ್ ಟೆಸ್ಟ್ ಪಾಸಾದ ಮೇಲಿನ ಕೆಲಸ.

ಮೆಲ್ಲಗೆ ಒತ್ತಿದರೆ ಸರಿ, ಜೋರಾಗಿ ಒತ್ತಿದರೆ ಬಿದ್ದುಹೋಗುತ್ತದೆ.

ಪೆಟ್ರೋಲ್ ಒತ್ತಡ ಅಳೆಯಿರಿ. ಹೆಚ್ಚಿನ ಇಂಜೆಕ್ಷನ್ ಸ್ನೋಮೊಬೈಲ್‌ಗಳಲ್ಲಿ 2.5ರಿಂದ 4 ಬಾರ್, ಅಂದರೆ 36ರಿಂದ 58 ಪಿಎಸ್‌ಐ ನಡುವೆ ಎಲ್ಲೋ ಒಂದು ಅಂಕಿ ಇರುತ್ತದೆ. ಲೈನಿಗೆ ಟೀ ಹಾಕಿ ಗೇಜ್ ಕಟ್ಟಿ, ಐಡಲ್‌ನಲ್ಲಿ ಮಾತ್ರವಲ್ಲ, ಥಟ್ಟನೆ ರೇಸ್ ಕೊಟ್ಟಾಗಲೂ ನೋಡಿ. ಐಡಲ್‌ನಲ್ಲಿ ಸರಿಯಿದ್ದು ರೇಸ್‌ಗೆ ಕುಸಿದರೆ ಫಿಲ್ಟರ್ ಕಟ್ಟಿದೆ, ಟ್ಯಾಂಕ್ ಒಳಗಿನ ಹೋಸ್ ಮಡಚಿದೆ, ಅಥವಾ ಪಂಪ್ ಸೋತಿದೆ. ಪಂಪ್ ಬದಲಿಸುವ ಮೊದಲು ಅದರ ಕನೆಕ್ಟರ್‌ನಲ್ಲೇ ವೋಲ್ಟೇಜ್ ಅಳೆಯಿರಿ. ಅರ್ತ್ ಕೆಟ್ಟಿದ್ದರೆ ಹೊಸ ಪಂಪ್ ಕೂಡ ಹೀಗೇ ಆಡುತ್ತದೆ. ಬಣ್ಣ ಹಚ್ಚಿದ ಎಂಜಿನ್‌ನಲ್ಲಿ ಅರ್ತ್ ಬೋಲ್ಟ್ ಕೂರುವ ಜಾಗವನ್ನು ಲೋಹ ಕಾಣುವವರೆಗೆ ಉಜ್ಜಬೇಕು.

ಬ್ಯಾಟರಿ ಇಲ್ಲದ ಮಾಡೆಲ್‌ಗಳಲ್ಲಿ ಪಂಪ್, ಇಂಜೆಕ್ಟರ್, ಇಸಿಯು ಎಲ್ಲಕ್ಕೂ ಫ್ಲೈವೀಲ್ ಒಳಗೆ ವಿದ್ಯುತ್ ಹುಟ್ಟಿಸುವ ಸ್ಟೇಟರ್ ಒಂದೇ ಆಸರೆ. ಫ್ಲೈವೀಲ್ ತೆಗೆದು ಹಾಕುವಾಗ ಸ್ಟೇಟರ್ ವೈರ್ ಜಜ್ಜಿದ್ದರೆ ಇದೇ ಲಕ್ಷಣ ಬರುತ್ತದೆ.

ತಿಂಗಳುಗಟ್ಟಲೆ ಟ್ಯಾಂಕ್‌ನಲ್ಲಿ ಉಳಿದ ಹಳೇ ಪೆಟ್ರೋಲ್ ಮೊದಲೇ ಚೆಲ್ಲಿ. ಹೊಸ ಹೋಸ್ ಕತ್ತರಿಸಿದಾಗ ಉದುರಿದ ರಬ್ಬರ್ ಚೂರು ಇಂಜೆಕ್ಟರ್ ಬಾಯಿಯ ಜರಡಿಯಲ್ಲಿ ಸಿಕ್ಕಿಕೊಂಡರೆ ಒತ್ತಡ ಸರಿ ತೋರಿಸುತ್ತದೆ, ಪೆಟ್ರೋಲ್ ಮಾತ್ರ ಬೀಳುವುದಿಲ್ಲ. ಇಂಜೆಕ್ಟರ್‌ಗಳ ರೆಸಿಸ್ಟೆನ್ಸ್ ಮಾಡೆಲ್ ಪ್ರಕಾರ 2 ಓಮ್ ಆಸುಪಾಸು ಅಥವಾ 12 ಓಮ್ ಆಸುಪಾಸು; ಒಂದೇ ಎಂಜಿನ್‌ನ ಎರಡರಲ್ಲಿ ಗಣನೀಯ ವ್ಯತ್ಯಾಸ ಇರಬಾರದು. ನೇರ ಇಂಜೆಕ್ಷನ್ ಇರುವ ಮಾಡೆಲ್‌ನ ಇಂಜೆಕ್ಟರ್‌ಗೆ ಮಾತ್ರ ಮೀಟರ್ ಹಿಡಿಯುವ ಮೊದಲು ಮ್ಯಾನ್ಯುಯಲ್ ಓದಿ, ಅಲ್ಲಿ ವೋಲ್ಟೇಜ್ ಅಪಾಯದ ಮಟ್ಟದಲ್ಲಿರುತ್ತದೆ.

ಒಂದು ಸಿಲಿಂಡರ್ ಮಾತ್ರ ಮಂಕಾಗಿದೆ.

ಮ್ಯಾಗ್ನೆಟೊ ಕಡೆ ಮತ್ತು ಕ್ಲಚ್ ಕಡೆಯ ಇಂಜೆಕ್ಟರ್ ಕನೆಕ್ಟರ್ ಅದಲುಬದಲಾಗಿದೆಯೇ ನೋಡಿ. ಹಲವು ಮಾಡೆಲ್‌ಗಳಲ್ಲಿ ಎರಡೂ ಒಂದೇ ಆಕಾರ, ಎರಡು ಕಡೆಗೂ ಎಟುಕುವಷ್ಟು ವೈರ್ ಇರುತ್ತದೆ. ಬದಲಾದರೂ ಎಂಜಿನ್ ಸ್ಟಾರ್ಟ್ ಆಗಬಹುದು, ಆದರೆ ಪೆಟ್ರೋಲ್ ತಪ್ಪು ಹೊತ್ತಿನಲ್ಲಿ ಬೀಳುತ್ತದೆ, ರೇಸ್ ಒರಟಾಗುತ್ತದೆ. ವೈರ್ ಬಣ್ಣವನ್ನು ಚಿತ್ರದ ಜೊತೆ ಹೋಲಿಸಿ. ಆಮೇಲೆ ಕಂಪ್ರೆಷನ್: ಎರಡೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಅಳೆದರೆ ಎರಡರ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರ ಇರಬಾರದು. ಮೂಲೆ ಮುರಿದ ರೀಡ್ ಕೂಡ ಒಂದೇ ಬದಿಯನ್ನು ಮಂಕು ಮಾಡುತ್ತದೆ. ಬೆಳಕಿಗೆ ಹಿಡಿದರೆ ರೀಡ್ ಅಂಚಿನಲ್ಲಿ ಸಂದಿ ಕಾಣುತ್ತದೆ.

ಕೆಳಗೆಲ್ಲ ಚೆನ್ನಾಗಿದೆ, ಮೇಲಿನ ಆರ್‌ಪಿಎಂ ಮಾತ್ರ ಸಿಗುವುದಿಲ್ಲ.

ಎಕ್ಸಾಸ್ಟ್ ಪವರ್ ವಾಲ್ವ್ (ಎಕ್ಸಾಸ್ಟ್ ಪೋರ್ಟ್‌ನ ಎತ್ತರ ಬದಲಿಸುವ ಬ್ಲೇಡ್) ನೋಡಿ. ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಮೇಲಿನ ಓಟ ಹೋಗುತ್ತದೆ, ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಕೆಳಗಿನ ಪಿಕಪ್ ಹೋಗುತ್ತದೆ. ಬ್ಲೇಡ್ ತಲೆಕೆಳಗಾಗಿ ಹಾಕುವುದು, ಅದರ ರಬ್ಬರ್ ಬೆಲ್ಲೋಸ್ ಹರಿದಿರುವುದು ಓವರ್‌ಹಾಲ್‌ನ ಮಾಮೂಲಿ ತಪ್ಪುಗಳು. ಬೋರ್ ದೊಡ್ಡದಾಗಿದ್ದರೆ ಬ್ಲೇಡ್ ಪಿಸ್ಟನ್‌ಗೆ ತಾಗದಷ್ಟು ಅಂತರ ಇದೆಯೇ ಎಂದು ಎಂಜಿನ್ ಕೈಯಲ್ಲಿ ತಿರುಗಿಸಿ ನೋಡಲೇಬೇಕು.

ಇನ್ನೊಂದು ಕಾರಣ ಇಗ್ನಿಷನ್ ಟೈಮಿಂಗ್. ಫ್ಲೈವೀಲ್ ಅನ್ನು ಹಿಡಿದಿಡುವುದು ಕೀ (ಗಾಡಿಯಲ್ಲಿ ಸಿಕ್ಕಿಸುವ ಸಣ್ಣ ಲೋಹದ ತುಂಡು) ಅಲ್ಲ, ಟೇಪರ್ (ಶಾಫ್ಟ್‌ನ ಕಿರಿದಾಗುತ್ತಾ ಹೋಗುವ ತುದಿ). ಕೀ ದಿಕ್ಕು ತೋರಿಸುತ್ತದೆ ಅಷ್ಟೆ. ಟೇಪರ್ ಮೇಲೆ ಎಣ್ಣೆ ಉಳಿದಿದ್ದರೆ ಅಥವಾ ನಟ್ ಸರಿಯಾದ ಟಾರ್ಕ್‌ಗೆ ಬಿಗಿಯದಿದ್ದರೆ ಫ್ಲೈವೀಲ್ ಜಾರಿ ಕೀ ತುಂಡಾಗುತ್ತದೆ. ಟೈಮಿಂಗ್ ಲೈಟ್ ಹಿಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಕೂಲಂಟ್‌ನಲ್ಲಿ ಗಾಳಿ ಉಳಿದು ಬಿಸಿ ಏರಿದರೂ ಇಸಿಯು ಎಂಜಿನ್ ಉಳಿಸಲು ಆರ್‌ಪಿಎಂ ತಡೆಯುತ್ತದೆ.

ಶೆಡ್‌ನಲ್ಲಿ ಚೆನ್ನಾಗಿ ಓಡಿತು, ಹಿಮಕ್ಕೆ ಇಳಿಸಿದರೆ ಮುಗ್ಗರಿಸುತ್ತದೆ.

ಗಾಳಿಯ ಉಷ್ಣತೆ 0 ಡಿಗ್ರಿಯಿಂದ ಮೈನಸ್ 20ಕ್ಕೆ ಇಳಿದರೆ ಗಾಳಿ ಸುಮಾರು ಶೇ. 8ರಷ್ಟು ದಟ್ಟವಾಗುತ್ತದೆ, ಅಷ್ಟೇ ಹೆಚ್ಚು ಪೆಟ್ರೋಲ್ ಬೇಕು. ಆ ಲೆಕ್ಕ ಇಸಿಯುಗೆ ಬರುವುದು ಇನ್‌ಟೇಕ್ ಗಾಳಿಯ ಸೆನ್ಸರ್‌ನಿಂದ. ಈ ಸೆನ್ಸರ್ ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. ಹಲವು ಸೆನ್ಸರ್‌ಗಳು 20 ಡಿಗ್ರಿಯಲ್ಲಿ 2ರಿಂದ 3 ಕಿಲೋಓಮ್, 0 ಡಿಗ್ರಿಯಲ್ಲಿ 5ರಿಂದ 6 ಕಿಲೋಓಮ್ ತೋರಿಸುತ್ತವೆ. ಏರ್‌ಬಾಕ್ಸ್‌ಗೆ ಸಿಕ್ಕಿಸದೆ ಎಂಜಿನ್ ಪಕ್ಕ ನೇತಾಡುತ್ತಿದ್ದರೆ ಅದು ಬಿಸಿ ಗಾಳಿ ಅಳೆದು ಪೆಟ್ರೋಲ್ ಕಡಿಮೆ ಮಾಡಿಸುತ್ತದೆ. ಎತ್ತರದ ಜಾಗದಲ್ಲಿ ಮಾತ್ರ ತೊಂದರೆ ಎಂದರೆ ಗಾಳಿಯ ಒತ್ತಡದ ಸೆನ್ಸರ್ ಮತ್ತು ಅದರ ಹೋಸ್ ನೋಡಿ: 3,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 70 ಮಾತ್ರ.

ಬಟರ್‌ಫ್ಲೈ ಮೇಲೆ ಮಂಜು ಕಟ್ಟುವುದು ಇನ್ನೂ ಗಂಭೀರ. ಹಲವು ಮಾಡೆಲ್‌ಗಳಲ್ಲಿ ಥ್ರಾಟಲ್ ಬಾಡಿಗೆ ಬಿಸಿ ಕೂಲಂಟ್ ಸುತ್ತಿಸುವ ಸಣ್ಣ ಹೋಸ್ ಇದೆ. ಓವರ್‌ಹಾಲ್‌ನಲ್ಲಿ ಅದನ್ನು ಬಿಟ್ಟುಬಿಟ್ಟರೆ, ಅಥವಾ ಅದರ ವಾಲ್ವ್ ಮುಚ್ಚೇ ಉಳಿದರೆ, ಪುಡಿಹಿಮ ಎಳೆದುಕೊಂಡಾಗ ಬಟರ್‌ಫ್ಲೈ ತೆರೆದ ಸ್ಥಿತಿಯಲ್ಲೇ ಹೆಪ್ಪುಗಟ್ಟಬಹುದು. ಎಂಜಿನ್ ಬಿಸಿಯಾದ ಮೇಲೆ ಆ ಹೋಸ್ ಮುಟ್ಟಿ ನೋಡಿ, ಬೆಚ್ಚಗಿರಬೇಕು. ಓಡುವಾಗ ಥ್ರಾಟಲ್ ಸಿಕ್ಕಿಕೊಂಡರೆ ಲಿವರ್ ಜೊತೆ ಗುದ್ದಾಡದೆ ಕಿಲ್ ಸ್ವಿಚ್ ಒತ್ತಿ ಅಥವಾ ಟೆದರ್ ಎಳೆಯಿರಿ, ಬ್ರೇಕ್ ಹಿಡಿಯಿರಿ.

ಎಂಜಿನ್‌ನದೋ ಕ್ಲಚ್‌ನದೋ, ಹೇಗೆ ತಿಳಿಯುವುದು?

ಟ್ಯಾಕೋಮೀಟರ್ ನೋಡಿ. ಲಿವರ್ ಒತ್ತಿದಾಗ ಆರ್‌ಪಿಎಂ ಸಲೀಸಾಗಿ ಏರಿ ಗಾಡಿ ಮಾತ್ರ ಎಳೆಯದಿದ್ದರೆ ಬೆಲ್ಟ್ ಅಥವಾ ಕ್ಲಚ್. ಕ್ಲಚ್ ಬೆಲ್ಟ್ ಹಿಡಿಯುವ (ಎಂಗೇಜ್ ಆಗುವ) ಆರ್‌ಪಿಎಂನಲ್ಲೇ ಕುಸಿದರೆ ಎರಡೂ ಇರಬಹುದು: ತಪ್ಪು ಸ್ಪ್ರಿಂಗ್ ಹಾಕಿದ ಕ್ಲಚ್ ಬೇಗ ಹಿಡಿದು ಎಂಜಿನ್ ಅದುಮುತ್ತದೆ.

ಥ್ರಾಟಲ್ ಕೇಬಲ್ ಹೊಂದಿಸಿದ ಮೇಲೆ ಆಯಿಲ್ ಪಂಪ್ ಮುಟ್ಟಬೇಕೇ?

ಪಂಪ್‌ಗೆ ಕೇಬಲ್ ಇರುವ ಮಾಡೆಲ್ ಆದರೆ ಖಂಡಿತ. ಥ್ರಾಟಲ್ ಕೇಬಲ್ ಆಟ ಬದಲಾದಾಗಲೆಲ್ಲ ಪಂಪ್ ಲಿವರ್‌ನ ಹೊಂದಾಣಿಕೆಯೂ ಬದಲಾಗುತ್ತದೆ. ಬಟರ್‌ಫ್ಲೈ ಆಗಷ್ಟೇ ಏಳುವ ಹೊತ್ತಿಗೆ ಲಿವರ್‌ನ ಗೆರೆ ಮತ್ತು ಪಂಪ್ ಬಾಡಿಯ ಗೆರೆ ಎದುರುಬದುರು ನಿಲ್ಲಬೇಕು. ಹಿಂದೆ ಬಿದ್ದರೆ ಥ್ರಾಟಲ್ ಎಷ್ಟೇ ಚೆನ್ನಾಗಿ ಸ್ಪಂದಿಸಲಿ, ಆಯಿಲ್ ಸಾಲದೆ ಎಂಜಿನ್ ಸೀಜ್ ಆಗುತ್ತದೆ. ಲೈನ್‌ನ ಗಾಳಿಯನ್ನು ಬ್ಲೀಡ್ ಸ್ಕ್ರೂನಿಂದ ತೆಗೆಯಿರಿ. ಮ್ಯಾನ್ಯುಯಲ್ ಒಪ್ಪಿದರೆ ಮೊದಲ ಟ್ಯಾಂಕ್‌ಗೆ ಪೆಟ್ರೋಲ್‌ನಲ್ಲೂ 50:1 ಪ್ರಮಾಣದಲ್ಲಿ, ಅಂದರೆ ಲೀಟರಿಗೆ 20 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್ ಬೆರೆಸಿ. ಆ ಟ್ಯಾಂಕ್ ಮುಗಿಯುವವರೆಗೆ ಹೊಗೆ ಹೆಚ್ಚು, ಐಡಲ್ ತುಸು ಒರಟು. ಆಗಲೇ ಟಿಪಿಎಸ್ ಮತ್ತೆ ತಿರುಗಿಸಲು ಹೋಗಬೇಡಿ. ಟ್ಯಾಂಕ್ ಖಾಲಿಯಾದ ಮೇಲೆ ಪ್ಲಗ್ ತೆಗೆದು ಬಣ್ಣ ನೋಡಿ. ತಿಳಿ ಕಂದು ಇದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಮತ್ತೊಮ್ಮೆ ಪ್ರೆಷರ್ ಟೆಸ್ಟ್‌ಗೆ ಹಿಂತಿರುಗಿ.